ಸುಖವೆಂದು ಬರೆದ ಗಾಳಿ

ಬೆಳಗಿನ ಐದೂವರೆಗೆ ಬಂದರಿನ ಗೋಪುರದಲ್ಲಿ ಹಸಿರು ದೀಪ ಹತ್ತಿತು. ಅದನ್ನೇ ಕಾಯುತ್ತಿದ್ದ ನಲವತ್ತೊಂದು ದೋಣಿಗಳು ಒಂದರ ಹಿಂದೊಂದು ಅಳಿವೆ ದಾಟಿದವು. 2061ರ ಅಕ್ಟೋಬರ್, ಚಿತ್ತೆ ಮಳೆಯ ದಿನಗಳು. ಕರಾವಳಿಯಿಂದ ಮುನ್ನೂರು ಕಿಲೋಮೀಟರ್ ಆಚೆ ಒಂದು ಚಂಡಮಾರುತ ಸುತ್ತುತ್ತಿತ್ತು. ಅದು ಒಮಾನ್ ಕಡೆ ತಿರುಗುತ್ತದೆ ಎಂದು ನಾಲ್ಕು ಹವಾಮಾನ ಮಾದರಿಗಳು ಹೇಳಿದ್ದವು. ಐದನೆಯದು ಮಾತ್ರ, ಸಂಜೆಯೊಳಗೆ ಇಲ್ಲಿಗೇ ಬರುತ್ತದೆ ಎಂದಿತ್ತು.

ಮಾದರಿ ಎಂದರೆ ಇಂದಿನ ಗಾಳಿ, ಶಾಖ, ತೇವಗಳಿಂದ ನಾಳೆಯ ಆಕಾಶವನ್ನು ಲೆಕ್ಕ ಹಾಕುವ ಗಣಿತ. ಐದು ಗಣಿತಕ್ಕೆ ಐದು ನಾಳೆಗಳು. ಈ ಜಗಳ ಬಿಡಿಸಲೆಂದೇ ಡಾ. ತನ್ಮಯಿ ಮೊಗವೀರ ‘ನಿರ್ಣಾಯಕ’ ಎಂಬ ಯಂತ್ರ ಕಟ್ಟಿದ್ದಳು. ಬಂದರಿನವರು ಅದನ್ನು ಪಂಚಾಯ್ತಿ ಎಂದು ಕರೆಯುತ್ತಿದ್ದರು. ಯಾವ ಮಾದರಿಯ ಮಾತು ಹಿಂದೆ ಎಷ್ಟು ಸಲ ನಿಜವಾಯಿತೆಂದು ನೋಡಿ, ಅದು ಒಂದೊಂದಕ್ಕೂ ಇಂತಿಷ್ಟು ತೂಕ ಕೊಡುತ್ತಿತ್ತು.

ನಿಜವಾಗಿ ಬೀಸಿದ್ದು ಎಂಥ ಗಾಳಿ ಎಂದು ತಿಳಿಯುವುದು ಹೇಗೆ? ದಟ್ಟ ಮೋಡದಡಿಯ ಗಾಳಿ ಉಪಗ್ರಹಕ್ಕೆ ನೆಟ್ಟಗೆ ಕಾಣುವುದಿಲ್ಲ. ಹಾಗಾಗಿ ಮರಳಿ ಬರುವ ಪ್ರತಿ ದೋಣಿಯನ್ನೂ ಗಾಳಿ ಹೇಗಿತ್ತೆಂದು ಹವಾ ಕಚೇರಿ ವೈರ್‌ಲೆಸ್‌ನಲ್ಲಿ ವಿಚಾರಿಸುತ್ತಿತ್ತು. ಮೂವತ್ತೈದು ವರ್ಷಗಳಿಂದ ಬರೆದಿಟ್ಟ ಆ ಉತ್ತರಗಳೇ ಯಂತ್ರಕ್ಕೆ ವೇದವಾಕ್ಯ. ಐದನೆಯ ಮಾದರಿ ಬಿರುಗಾಳಿ ಎಂದು ಕೂಗಿದಾಗಲೆಲ್ಲ ದೋಣಿಗಳಿಂದ ಬಂದ ಉತ್ತರ ‘ಸುಖ’. ಕಚೇರಿಯಲ್ಲಿ ಅದಕ್ಕೆ ಅಂಜುಬುರುಕ ಎಂದೇ ಹೆಸರು. ನೂರರಲ್ಲಿ ಅದರ ತೂಕ ಎರಡಕ್ಕೆ ಇಳಿದಿತ್ತು. ಹಾಗಾಗಿಯೇ ಈ ಬೆಳಗಿನ ಹಸಿರು ದೀಪ.

ಒಂಬತ್ತು ಗಂಟೆಗೆ, ತನ್ಮಯಿ ಕೂತಿದ್ದ ಹವಾ ಕಚೇರಿಗೆ ನವೀನ ತಾಂಡೇಲರು ಬಂದರು. ಹೆಸರು ನವೀನ, ವಯಸ್ಸು ಅರವತ್ತೆರಡು. ತನ್ಮಯಿಯ ತಂದೆಯ ಜೊತೆ ಇಪ್ಪತ್ತು ವರ್ಷ ಬಲೆ ಎಳೆದು, ಈಗ ಸ್ವಂತ ದೋಣಿಗೆ ತಾಂಡೇಲ, ಅಂದರೆ ನಾಯಕ, ಆದವರು. ಅವರ ಬಲಗೈಗೆ ದಪ್ಪನೆಯ ಬ್ಯಾಂಡೇಜು ಸುತ್ತಿತ್ತು.

“ದೋಣಿ ತಮ್ಮ ಲೋಹಿತ ತಕಂಡ್ ಹೋದ. ಏಳ್ ಜನ. ಗಾಳಿ ಬತ್ತಿಲ್ಲ ಅಲ್ದಾ, ಮಗಾ?”

“ಬತ್ತಿಲ್ಲ ಮಾವ. ಕೈಗೆ ಎಂತ ಆಯ್ತ್?”

“ಮಂಗಳವಾರದ ಗಾಳಿಗೆ ಹಗ್ಗ ಎಳ್ದ್ ಹಾಕ್ತ್. ದೋಣಿ ಮಗ್ಚುದೊಂದ್ ಬಾಕಿ.”

ತನ್ಮಯಿ ಪರದೆಯತ್ತ ತಿರುಗಿದಳು. ಮಂಗಳವಾರ, ನವೀನ ತಾಂಡೇಲರ ದೋಣಿ, ಗಾಳಿ: ಸುಖ.

“ಮಾವ, ನೀವೇ ಸುಖ ಅಂದಿದ್ರಿ!”

“ಜೀವ ಇಟ್ಕಂಡ್ ಬಂದ್ಮೇಲೆ ಸುಖ ಅಲ್ದೆ ಎಂತ ಹೇಳುದು? ಕಡ್ಲಮ್ಮನ ಮೇಲೆ ದೂರ್ ಹೇಳಿ, ನಾಳೆ ಮತ್ತೆ ಅವ್ಳ ಮಡ್ಲಿಗೇ ಹೋಯ್ಕಲ್ದಾ? ನಿಂಗೆ ಗೊತ್ತಿಲ್ಯಾ? ನಿನ್ನ ಅಪ್ಪಯ್ಯ ಹೇಳ್ತಿದ್ದದ್ದೂ ಹಾಂಗೇ.”

ಗೊತ್ತಿತ್ತು. ಅವಳಿಗೆ ಚೆನ್ನಾಗಿಯೇ ಗೊತ್ತಿತ್ತು. ಅರ್ಧ ಮುರಿದ ದೋಣಿಯಲ್ಲಿ ಬಂದ ದಿನವೂ ಅಪ್ಪಯ್ಯ ಅಂಗಳದಲ್ಲಿ ಕಾಲು ತೊಳೆಯುತ್ತ ಸುಖವಾಗಿ ಬಂದೆ ಎಂದಿದ್ದರು. ಆದರೆ ಯಂತ್ರಕ್ಕೆ ಒಪ್ಪಿಗೆ ಕೊಡುವ ದೆಹಲಿಯ ಸಭೆಯಲ್ಲಿ ಒಬ್ಬರು, ಈ ಮೀನುಗಾರರ ಮಾತನ್ನು ನಂಬಬಹುದೇ ಎಂದು ಕೇಳಿದಾಗ ಅವಳು, ನೂರಕ್ಕೆ ನೂರು ಎಂದುಬಿಟ್ಟಿದ್ದಳು. ನಮ್ಮವರು ಕಡಲಿಗೆ ಹೆದರಿ, ಕೆಟ್ಟ ಗಾಳಿಯನ್ನೂ ಸುಖ ಎನ್ನುತ್ತಾರೆ ಎಂದು ಆ ಇಂಗ್ಲಿಷ್ ಸಭೆಯಲ್ಲಿ ಹೇಳಲು ನಾಚಿಕೆಯಾಗಿತ್ತು. ಈಗ ಆ ನಾಚಿಕೆಯನ್ನು ನೆನೆದೇ ಅವಳ ಕಿವಿ ಬಿಸಿಯಾಯಿತು, ತಾಂಡೇಲರ ಮುಖ ನೋಡಲಾಗಲಿಲ್ಲ.

ಸುಖ ಎಂಬ ಉತ್ತರಗಳನ್ನೆಲ್ಲ ಬದಿಗೆ ಸರಿಸಿ ಯಂತ್ರವನ್ನು ಮತ್ತೆ ಓಡಿಸಿದಳು. ಅಂಜುಬುರುಕನ ತೂಕ ಎರಡರಿಂದ ಅರವತ್ತಕ್ಕೆ ಏರಿತು. ಕೆಂಪು ದೀಪ ಹಾಕಿ, ವೈರ್‌ಲೆಸ್ ಹಿಡಿದು ಎಲ್ಲ ದೋಣಿಗಳನ್ನೂ ಮರಳಿ ಕರೆದಳು. ಮಧ್ಯಾಹ್ನ ಮೂರರೊಳಗೆ ನಲವತ್ತು ದೋಣಿ ಬಂದವು. ಮೂರೂವರೆಗೆ ಗಾಳಿ ಬಂತು. ಬಾರದೆ ಉಳಿದ ಒಂದು, ಎಲ್ಲರಿಗಿಂತ ದೂರ ಹೋಗಿದ್ದ ಲೋಹಿತನದು.

ಮಾರನೆಯ ಬೆಳಿಗ್ಗೆ ಎಂಟಕ್ಕೆ ವೈರ್‌ಲೆಸ್ ಕರಕರ ಎಂದಿತು. ಲೋಹಿತನ ದನಿ. ಇಂಥ ಹೊತ್ತಿನಲ್ಲಿ ಏನು ಕೇಳಬೇಕೆಂದು ತೋಚದೆ ತನ್ಮಯಿ ಎಂದಿನ ಪ್ರಶ್ನೆಯನ್ನೇ ಕೇಳಿದಳು.

“ಲೋಹಿತಣ್ಣ, ಗಾಳಿ ಹ್ಯಾಂಗಿತ್ತ್?”



“ಸುಖ,” ಎಂದ ಲೋಹಿತ. ಆಮೇಲೆ, “ಆರ್ ಜನ.”

ಹೋದವರು ಏಳು. ಪಕ್ಕದಲ್ಲಿ ನಿಂತಿದ್ದ ತಾಂಡೇಲರು ಕುರ್ಚಿ ಹುಡುಕಿ ಕುಳಿತರು. ಅವರು ಬೈದಿದ್ದರೆ ತನ್ಮಯಿಗೆ ಎಷ್ಟೋ ಹಗುರವಾಗುತ್ತಿತ್ತು. ಬೈಯಲಿಲ್ಲ. ಹುಟ್ಟಿದಂದಿನಿಂದ ಆಡದ ಮಾತನ್ನು ಆಡಿದರು.

“ಸುಖ ಅಂತ ಬರಿಬೇಡ ಮಗಾ. ಗಾಳಿ ಕೆಟ್ಟದ್ ಇದ್ದಿತ್ತ್. ಹಾಂಗೇ ಬರ್ಕೊ.”

ಅವಳು ಹಾಗೆಯೇ ಬರೆದಳು. ಕೆಳಗೆ ಇನ್ನೊಂದು ಸಾಲು ಸೇರಿಸಿದಳು: ‘ಸುಖ ಎಂದರೆ ಏನೆಂದು ನನಗೆ ಮೊದಲೇ ಗೊತ್ತಿತ್ತು. ತನ್ಮಯಿ.’

ಆಮೇಲೆ ಯಂತ್ರ ಪಾಠ ಕಲಿತ ದಾಖಲೆಯನ್ನು ಹಿಂದಕ್ಕೆ, ಇನ್ನೂ ಹಿಂದಕ್ಕೆ ಸರಿಸುತ್ತ ಹೋದಳು. ಮೊದಲ ಪುಟದವರೆಗೂ ಅದೇ ಪದ, ದಿನದ ಮೇಲೆ ದಿನ. ಕೇಳಿದವರು ಯಾರೋ, ಮತ್ತೊಮ್ಮೆ ಕೇಳದೆ ಬರೆದುಕೊಂಡಿದ್ದರು. ಆ ಮೊದಲ ಪುಟದ ಮೇಲಿದ್ದ ಇಸವಿ 2026. ಅದನ್ನು ಇಂದು ತುಂಬುತ್ತಿರುವವರು, ಈ ಕತೆ ಓದುತ್ತಿರುವ ನಾವು.