ಅಜ್ಜಿಯ ಕತೆಗೆ ನೀರು ಹಾಕಿದ್ದು ಯಾರು?

"ಆಮೇಲೆ?" ಮುದ್ದಮ್ಮಜ್ಜಿ ಕೇಳಿದಳು.

"ಆಮೇಲೇನಿಲ್ಲ ಅಜ್ಜಿ. ಅವನಿಗೆ ಒಂದು ಔಷಧಿ ಸಿಕ್ತು. ಕುಡಿದ. ಮನುಷ್ಯ ಆಗ್ಬಿಟ್ಟ. ಮಯೂರಿನ ಮದುವೆ ಆದ. ಮುಗೀತು!" ನಂದಿತಾ ಪುಸ್ತಕವನ್ನು ಟಪ್ಪನೆ ಮುಚ್ಚಿದಳು.

"ಅಯ್ಯೋ, ಇಷ್ಟೇನಾ? ಐದು ಪುಸ್ತಕ ಅಲೆದಾಡಿದ್ರಲ್ಲೇ, ಪಾಪ! ಮುಹೂರ್ತ ಯಾವಾಗ ಇಟ್ಕಂಡ್ರು?"

"ಹಗಲು ಹೊತ್ತೇ. ಬಿಸಿಲು ಈಗ ಏನೂ ಮಾಡಲ್ಲ ಅವನಿಗೆ."

"ಸದ್ಯ! ಆ ಕೋರೆಹಲ್ಲಿನ ಹುಡುಗಂಗೆ ಒಳ್ಳೇದಾಯ್ತಲ್ಲ, ಅಷ್ಟು ಸಾಕು" ಎಂದು ಅಜ್ಜಿ ಗೋಡೆಗೊರಗಿ ಕೂತಳು.

ನಂದಿತಾ ಆಗಲೇ ಟಿವಿ ಮುಂದಿದ್ದಳು. ಡ್ಯಾನ್ಸ್ ಫೈನಲ್ ಶುರುವಾಗಿತ್ತು. ನಿಜ ಹೇಳಬೇಕೆಂದರೆ ಪುಸ್ತಕದಲ್ಲಿ ಇನ್ನೂ ಮೂರು ಚಾಪ್ಟರ್ ಇದ್ದವು. ಈ ಜಾಣೆ ಅವನ್ನೆಲ್ಲ ಮಧ್ಯಾಹ್ನವೇ ಒಬ್ಬಳೇ ಓದಿ ಮುಗಿಸಿದ್ದಳು. ಅಜ್ಜಿಗೆ ಓದಿ ಹೇಳಲು ಕೂತರೆ ಸಾಲಿಗೊಂದು 'ಆಮೇಲೆ', ಪುಟಕ್ಕೊಂದು 'ಯಾಕೆ'. ಅಷ್ಟರಲ್ಲಿ ಡ್ಯಾನ್ಸ್ ಮುಗಿದೇ ಹೋಗುತ್ತಿತ್ತು.

ಆ ಪುಸ್ತಕದ ಹೆಸರು 'ನೆತ್ತರ ನೆಂಟ'. ವಿಕ್ರಾಂತ ಅನ್ನೋ ವ್ಯಾಂಪೈರ್ ಕತೆ. ರಕ್ತವೇ ಅವನ ಊಟ. ಬಿಸಿಲು ತಾಗಿದರೆ ಬೂದಿ. ಇಂಥವನಿಗೆ ಮಯೂರಿ ಅನ್ನೋ ಹುಡುಗಿಯ ಮೇಲೆ ಪ್ರೀತಿ! ಹಳೇಬೀಡಿನ ಸ್ಕೂಲಲ್ಲಿ ನಂದಿತಾಳ ಕ್ಲಾಸಿಗೆ ಕ್ಲಾಸೇ ಇದರ ಹಿಂದೆ ಬಿದ್ದಿತ್ತು. ಲೈಬ್ರರಿಯಲ್ಲಿ ಐದನೇ ಭಾಗದ್ದು ಒಂದೇ ಕಾಪಿ. ಚೀಟಿ ಎತ್ತಿದಾಗ ಮೊದಲ ಪಾಳಿ ನಂದಿತಾಳದು, ಆಮೇಲೆ ದಿವ್ಯಾ, ಅವಳಾದ ಮೇಲೆ ಹೇಮಾಶ್ರೀ.

ಅಜ್ಜಿಗೆ ಅಕ್ಷರ ಬರುವುದಿಲ್ಲ. ಕಿವಿ ಮಾತ್ರ ಚುರುಕು. ರಾತ್ರಿ ಕೇಳಿದ್ದನ್ನು ಬೆಳಿಗ್ಗೆ ಮಾದಿಹಳ್ಳಿಯ ಡೈರಿಯಲ್ಲಿ ಹಾಲು ಹಾಕಲು ನಿಂತ ಹೆಂಗಸರಿಗೆ ಹೇಳುವಳು. ಹಾಲು ಅಳೆಯುವ ಮಧುಕುಮಾರ್ ಕೂಡ "ಸ್ವಲ್ಪ ಜೋರಾಗಿ ಹೇಳಮ್ಮೋ" ಅನ್ನುತ್ತಿದ್ದ. ಬಿಸಿಲಿಗೆ ಬರದ ಗಂಡಿಗೆ ಮುಹೂರ್ತ ಇಡುವುದು ಹೇಗೆ ಅಂತ ಅಲ್ಲಿ ವಾರಗಟ್ಟಲೆ ಚರ್ಚೆ ನಡೆದಿತ್ತು! ಹಾಗಾಗಿ ಮರುದಿನ ಅಜ್ಜಿ "ಹಗಲು ಮುಹೂರ್ತ ಕಣ್ರೇ!" ಅಂದಾಗ ಸಾಲಿಗೆ ಸಾಲೇ ಖುಷಿಪಟ್ಟಿತು.

ಎರಡು ದಿನ ಬಿಟ್ಟು ಸ್ಕೂಲಲ್ಲಿ ಮಾತ್ರ ಬೇರೆಯದೇ ಗಲಾಟೆ. ಪುಸ್ತಕ ಓದಿ ಬಂದ ದಿವ್ಯಾಳ ಕಣ್ಣು ಕೆಂಪಗಾಗಿತ್ತು. "ಛೀ, ಎಂಥ ಎಂಡಿಂಗ್ ಕಣೇ ಇದು! ಮಯೂರಿ ತಮ್ಮ ಕೆರೆಗೆ ಬಿದ್ದ ಅಂತ ಇವನು ಬಿಸಿಲಿಗೆ ಹಾರೋದಾ? ಬೂದಿ ಆಗ್ಬಿಟ್ಟ! ನಾನು ಊಟಾನೇ ಮಾಡ್ಲಿಲ್ಲ."

"ಕೊಡೆ ಹಿಡ್ಕೊಂಡು ಹೋಗ್ಬೋದಿತ್ತು" ಅಂದ ಶರತ್ಚಂದ್ರ.

"ಹೋಗೋ! ಕೊಡೆ ಹಿಡ್ಕೊಂಡು ಯಾರಾದ್ರೂ ಈಜ್ತಾರಾ?"

ಎಲ್ಲರೂ ನಕ್ಕರು. ನಂದಿತಾಳೂ ನಕ್ಕಳು. ಆದರೆ ಅಜ್ಜಿಯ 'ಸದ್ಯ!' ನೆನಪಾಗಿ ನಗು ಅರ್ಧಕ್ಕೇ ನಿಂತಿತು. ಹೇಮಾಶ್ರೀ ಮನೆ ಇರುವುದೂ ಮಾದಿಹಳ್ಳಿಯಲ್ಲೇ. ಅವಳೂ ತನ್ನ ಅಜ್ಜಿ ಮಹದೇವಮ್ಮನಿಗೆ ಕತೆ ಓದುತ್ತಾಳೆ. ಮಹದೇವಮ್ಮನೂ ಡೈರಿಗೆ ಬರುತ್ತಾಳೆ. ಕಳ್ಳನ ಮನಸ್ಸು ಹುಳ್ಳುಹುಳ್ಳಗೆ ಅಂತಾರಲ್ಲ, ಹಾಗಾಯಿತು ನಂದಿತಾಳಿಗೆ.

ಭಾನುವಾರ ಹಾಲಿನ ಕ್ಯಾನ್ ಹಿಡಿದು ಅವಳೂ ಅಜ್ಜಿಯ ಜೊತೆ ಡೈರಿಗೆ ಹೋಗಬೇಕಾಯಿತು. ಮಹದೇವಮ್ಮ ಸೊಂಟದ ಮೇಲೆ ಕೈಯಿಟ್ಟು ಕಾಯುತ್ತಲೇ ಇದ್ದಳು.

"ಏನೇ ಮುದ್ದಮ್ಮ, ಆ ಹುಡುಗ ಸುಟ್ಟು ಬೂದಿಯಾದ್ನಂತೆ! ನೀನು ನೋಡಿದ್ರೆ ಮದುವೆ ಊಟ ಬಡಿಸ್ಬಿಟ್ಟೆ?"

"ಯಾರಂದ್ರು? ನನ್ನ ಮೊಮ್ಮಗಳೇ ಓದಿ ಹೇಳಿದ್ದು. ಅವಳು ಸುಳ್ಳು ಹೇಳೋಳಲ್ಲ ಕಣೇ."

"ನಮ್ಮ ಹೇಮಾನೂ ಪುಸ್ತಕ ನೋಡ್ಕಂಡೇ ಓದಿದ್ದು. ಹಾಲಿಗೆ ಒಂದು ತೊಟ್ಟು ನೀರು ಹಾಕಿದೋಳಲ್ಲ ನೀನು. ಕತೆಗೆ ಯಾಕೆ ಹಾಕ್ದೆ?"

ಸಾಲಲ್ಲಿದ್ದವರು ಗೊಳ್ಳೆಂದು ನಕ್ಕರು. ಎಲ್ಲರ ಕಣ್ಣೂ ನಂದಿತಾಳ ಮೇಲೆ. 'ಹೇಳು, ಈಗಲೇ ಹೇಳು' ಅಂತ ಒಳಗಿನಿಂದ ಯಾರೋ ತಿವಿದ ಹಾಗಾಯಿತು. ಅವಳು ಕ್ಯಾನಿನ ಮುಚ್ಚಳ ನೋಡುತ್ತಾ ನಿಂತಳು.

ಅಜ್ಜಿ ಮೊಮ್ಮಗಳ ಮುಖ ನೋಡಿದಳು. ಆಮೇಲೆ ನಿಧಾನಕ್ಕೆ ಅಂದಳು, "ಇರ್ಬೋದು ಕಣವ್ವ. ನನಗೇ ಮರೆವು ಬಂದೈತೆ. ಯಾವ್ದೋ ಕತೆ ಯಾವ್ದಕ್ಕೋ ಸೇರಿಸ್ಬಿಟ್ಟೆ."

ಅಯ್ಯೋ, ನೆಲ ಬಾಯಿಬಿಡಬಾರದೇ ಅನ್ನಿಸಿತು ನಂದಿತಾಳಿಗೆ.

ಸೋಮವಾರ ಅಜ್ಜಿ ಡೈರಿಗೆ ಹೋಗಲಿಲ್ಲ. "ನೀನೇ ಹೋಗ್ಬಾರಪ್ಪ" ಎಂದು ಮಗ ಉಮೇಶನ ಕೈಗೆ ಕ್ಯಾನ್ ಕೊಟ್ಟಳು. ನಂದಿತಾ ಬ್ಯಾಗ್ ಹಾಕಿಕೊಂಡು ಹೊರಟಾಗ ಅಜ್ಜಿ ಕೊಟ್ಟಿಗೆಯಲ್ಲಿ ಒಬ್ಬಳೇ ಮಾತಾಡಿಕೊಳ್ಳುತ್ತಿದ್ದಳು. "ಔಷಧಿ ಕುಡಿದ ಅಂದ್ಲು. ಹಂಗೇ ತಾನೇ ಅಂದಿದ್ದು? ಇಲ್ಲ... ನಂಗೇ ತಪ್ಪೋಗಿರ್ಬೇಕು. ಇನ್ನು ಏನೇನು ಮರೀತೀನೋ, ಶಿವನೇ."

ಆವತ್ತು ಇಡೀ ದಿನ ಉಷಾರಾಣಿ ಮಿಸ್ ಹೇಳಿದ ಪಾಠ ಒಂದೂ ನಂದಿತಾಳ ತಲೆಗೆ ಹೋಗಲಿಲ್ಲ. ಸಂಜೆ ಬಸ್ ಇಳಿದವಳು ಮನೆಗೆ ಹೋಗದೆ ನೇರ ಹೇಮಾಶ್ರೀ ಮನೆಗೆ ನಡೆದಳು.

"ಪುಸ್ತಕ ಒಂದೇ ಒಂದು ದಿನಕ್ಕೆ ಕೊಡ್ತೀಯಾ?"

"ಯಾಕೆ? ನೀನು ಓದಿದೀಯಲ್ಲ?"

"ನಾನು ಓದಿದೀನಿ. ಅಜ್ಜಿಗೆ ಓದಿಲ್ಲ."

ಜಗಲಿಯಲ್ಲಿ ಸೊಪ್ಪು ಬಿಡಿಸುತ್ತಿದ್ದ ಮಹದೇವಮ್ಮನ ಕೈ ನಿಂತಿತು. ನಂದಿತಾ ಪುಸ್ತಕ ಇಸಿದುಕೊಂಡು ಓಟ ಕಿತ್ತಳು.

ಅಜ್ಜಿ ನಡುಮನೆಯಲ್ಲಿ ದೀಪ ಹಚ್ಚಿ ಕೂತಿದ್ದಳು. ಪುಸ್ತಕ ನೋಡಿ, "ಅದು ಮುಗೀತಲ್ಲ ಮಗ" ಎಂದಳು.

"ಇಲ್ಲ ಅಜ್ಜಿ, ಮುಗ್ದಿಲ್ಲ. ನಿಂಗೆ ಮರೆವೂ ಬಂದಿಲ್ಲ. ಇನ್ನೂ ಮೂರು ಚಾಪ್ಟರ್ ಇತ್ತು. ನಾನೇ ಹಾರಿಸ್ಬಿಟ್ಟೆ. ಔಷಧಿ, ಮದುವೆ ಎಲ್ಲಾ ಸುಳ್ಳು."

ಅಜ್ಜಿ ದೀಪದ ಬತ್ತಿ ಸರಿಮಾಡಿದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಟಿವಿ ನೋಡಕ್ಕಾ?"

"ಹೂಂ."

"ನಾಳೆ ಓದ್ತೀನಿ ಅಂದಿದ್ರೆ ನಾನೇನು ಬ್ಯಾಡ ಅಂತಿದ್ನಾ?" ಎಂದಳು ಅಜ್ಜಿ. "ನಂಗೆ ಎಷ್ಟು ಭಯ ಆಯ್ತು ಗೊತ್ತೇನೇ? ತಲೇನೇ ಹೋಯ್ತೇನೋ ಅಂದ್ಕಂಡೆ."

ನಂದಿತಾ ಬಿಕ್ಕಿಬಿಕ್ಕಿ ಅತ್ತಳು. ಅಜ್ಜಿ ಸೆರಗಿನಲ್ಲಿ ಅವಳ ಮೂಗು ಒರೆಸಿ, "ಓದು ಮತ್ತೆ" ಎಂದಳು, ಅಷ್ಟೇ.

ನಂದಿತಾ ಒಂದು ಸಾಲೂ ಬಿಡದೆ ಓದಿದಳು. ಕೆರೆ ಬಂತು, ಬಿಸಿಲು ಬಂತು, ಬೂದಿಯೂ ಬಂತು. ಅಜ್ಜಿ ಕಣ್ಣೊರೆಸಿಕೊಂಡಳು. ಆದರೆ ಒಂದು ಸಲವೂ 'ಆಮೇಲೆ?' ಅನ್ನಲಿಲ್ಲ. ಅದಿಲ್ಲದೆ ಓದುವುದು ಇಷ್ಟು ಕಷ್ಟ ಅಂತ ನಂದಿತಾಳಿಗೆ ಗೊತ್ತೇ ಇರಲಿಲ್ಲ.

ಬೆಳಿಗ್ಗೆ ಅವಳು ಸ್ಕೂಲ್ ಬ್ಯಾಗ್ ಹಾಕಿಕೊಂಡು, ಕ್ಯಾನ್ ಹಿಡಿದು ಬಾಗಿಲಲ್ಲಿ ನಿಂತಳು. "ಬಾ ಅಜ್ಜಿ. ನೀನು ಬರದಿದ್ರೆ ನಾನೂ ಹೋಗಲ್ಲ." ಕೊನೆಗೂ ಅಜ್ಜಿ ಚಪ್ಪಲಿ ಮೆಟ್ಟಿದಳು.

ಡೈರಿಯಲ್ಲಿ ಸಾಲು ಉದ್ದವಿತ್ತು. ಮಹದೇವಮ್ಮನೂ ಇದ್ದಳು. ನಂದಿತಾ ಕ್ಯಾನ್ ಕೆಳಗಿಟ್ಟಳು.

"ಕತೆಗೆ ನೀರು ಹಾಕಿದ್ದು ಅಜ್ಜಿ ಅಲ್ಲ, ನಾನು" ಎಂದಳು. ದನಿ ತೀರಾ ಸಣ್ಣಗೆ ಬಂತು. ಇನ್ನೊಂದು ಸಲ, ಜೋರಾಗಿ ಹೇಳಿದಳು. "ಅಜ್ಜಿಗೆ ಮರೆವಿಲ್ಲ. ನಾನೇ ಸುಳ್ಳು ಓದಿದ್ದೆ."

ಯಾರೂ ನಗಲಿಲ್ಲ. ಮಧುಕುಮಾರ್ ಅಳೆಯುವುದನ್ನು ನಿಲ್ಲಿಸಿದ. ಮಹದೇವಮ್ಮ ಪಕ್ಕಕ್ಕೆ ಸರಿದು ಮುದ್ದಮ್ಮನಿಗೆ ನೆರಳಲ್ಲಿ ಜಾಗ ಮಾಡಿಕೊಟ್ಟಳು. "ಹಂಗಾದ್ರೆ ನಿಜವಾದ್ದು ನೀನೇ ಹೇಳವ್ವ" ಎಂದಳು ನಂದಿತಾಳಿಗೆ.

ನಂದಿತಾ ಶುರು ಮಾಡಿದಳು. ಹೇಳುತ್ತಾ ಹೇಳುತ್ತಾ ಕೆರೆಯ ಏರಿಗೆ ಬಂದಳು. ಮಯೂರಿಯ ತಮ್ಮ ನೀರಿಗೆ ಬಿದ್ದ. ಪೂರ್ವದಲ್ಲಿ ಸೂರ್ಯ ಹುಟ್ಟುತ್ತಿದ್ದ. ಕದದ ಹಿಂದೆ ನಿಂತಿದ್ದ ವಿಕ್ರಾಂತ ಚಿಲಕಕ್ಕೆ ಕೈ ಹಾಕಿದ.

ಅಷ್ಟರಲ್ಲಿ ದೂರದಲ್ಲಿ ಹಳೇಬೀಡಿನ ಬಸ್ ಹಾರ್ನ್ ಕೇಳಿಸಿತು. ನಂದಿತಾ ಒಮ್ಮೆ ರಸ್ತೆಯ ಕಡೆ ನೋಡಿದಳು.

"ಆಮೇಲೆ?" ಎಂದಳು ಅಜ್ಜಿ.

ನಂದಿತಾ ತಿರುಗಿ ನೋಡಿದಳು. ಅಜ್ಜಿ ಕೆನ್ನೆಗೆ ಕೈಯಿಟ್ಟು, ರಾತ್ರಿ ಕೇಳಿದ್ದ ಕತೆಯನ್ನೇ ಇವತ್ತೇ ಮೊದಲ ಸಲ ಕೇಳುವವಳಂತೆ ಕಾಯುತ್ತಿದ್ದಳು.

ನಂದಿತಾ ಸ್ಕೂಲ್ ಬ್ಯಾಗ್ ಇಳಿಸಿ ಕಟ್ಟೆಯ ಮೇಲಿಟ್ಟಳು. ಇನ್ನೊಂದು ಬಸ್ ಬರುತ್ತೆ.

"ಆಮೇಲೆ ಏನಾಯ್ತು ಅಂದ್ರೆ ಅಜ್ಜಿ..." ಎಂದು ನಿಧಾನವಾಗಿ ಹೇಳತೊಡಗಿದಳು.