ಎರ್ರಮ್ಮನ ಹನ್ನೊಂದು ಹಾಡು

ಫೆಬ್ರವರಿ 11, ಮಂಗಳವಾರ, ಬೆಳಿಗ್ಗೆ ಹತ್ತೂವರೆಗೆ ಮೊಳಕಾಲ್ಮೂರಿನ ನೇಕಾರ ಹೆಣ್ಣುಮಗಳು ಲಕ್ಷ್ಮೀದೇವಿ ಚಳ್ಳಕೆರೆ ಠಾಣೆಗೆ ಬಂದು ದೂರು ಕೊಟ್ಟಳು. ತೀರಿಹೋದ ತಾಯಿ ಎರ್ರಮ್ಮ ಹಾಡಿದ್ದ ಹನ್ನೊಂದು ಹಾಡುಗಳ ಹಾರ್ಡ್ ಡಿಸ್ಕ್ ಚಳ್ಳಕೆರೆಯ ಸ್ಟುಡಿಯೋದಿಂದ ಕಳುವಾಗಿತ್ತು. ಬೇರೆ ಪ್ರತಿ ಇರಲಿಲ್ಲ. ಹಿಂದಿನ ದಿನ ಅದರಲ್ಲಿನ ಒಂದು ಹಾಡು ಯೂಟ್ಯೂಬಿನಲ್ಲಿ ಕಾಣಿಸಿಕೊಂಡಿತ್ತು. ಕೆಳಗೆ, 'ಜಟಿಂಗ ರಾಮೇಶ್ವರ ಬೆಟ್ಟದ ಮೇಲೆ ಧ್ವನಿಮುದ್ರಿಸಿದ್ದು. ಹಾಡಿದವರು ಅಜ್ಞಾತ' ಎಂದಿತ್ತು.

"ನಿಮ್ಮವ್ವನ ದನಿನೇ ಅಂತ ಖಾತ್ರಿನಾ?" ಪಿಎಸ್‌ಐ ಶಶಿರೇಖಾ ಕೇಳಿದರು.

"ಮಾ ಅಮ್ಮೇ ಮೇಡಂ." ಲಕ್ಷ್ಮೀದೇವಿಯ ಬಾಯಿಗೆ ತೆಲುಗೇ ಬಂತು. "ಮಂಡಿನೋವಿಗೆ ಹೊಸಲು ದಾಟ್ತಿರಲಿಲ್ಲ. ಬೆಟ್ಟ ಎಲ್ಲಿ ಹತ್ತಾಳೆ? ಸ್ಟುಡಿಯೋದೋರು ನಮ್ಮ ಮನೆಯಾಗೇ ಮೈಕ್ ಇಟ್ಟು ಹಾಡಿಸಿದ್ರು."

ಎಫ್‌ಐಆರ್ ದಾಖಲಾಯಿತು. ಹನ್ನೆರಡಕ್ಕೆ ಶಶಿರೇಖಾ, ಪೇದೆ ಗಾದ್ರಪ್ಪ ಲಕ್ಷ್ಮೀದೇವಿಯನ್ನೂ ಕರೆದುಕೊಂಡು ಹೋಗಿ ಸ್ಟುಡಿಯೋದಲ್ಲಿ ಪಂಚನಾಮೆ ಮುಗಿಸಿದರು. ಡಿಸ್ಕ್ ಇಟ್ಟಿದ್ದ ಬೀರುವಿನ ಬೀಗ ಒಡೆದಿರಲಿಲ್ಲ. ಕೀಲಿ ಎಲ್ಲಿರುತ್ತದೆಂದು ಬಲ್ಲವರ ಕೆಲಸವೇ ಇರಬೇಕು.

ಮಾಲೀಕ ಮಹಾಂತೇಶ ಯೂಟ್ಯೂಬಿನ ಆ ಹಾಡು ಹಾಕಿದ. ದೂರದ ಬಂಡೆಗಳ ನಡುವೆ ಯಾರೋ ಒಬ್ಬಳೇ ನಿಂತು ಹಾಡಿದಂತಿತ್ತು. ಶಶಿರೇಖಾ ಸ್ಪೀಕರಿನತ್ತ ಬಗ್ಗಿದರು.

"ಇದು ಬೆಟ್ಟ ಅಲ್ಲವಾ?"

"ಕಂಪ್ಯೂಟರಿನಾಗೆ ಕಟ್ಟಿದ ಬೆಟ್ಟ, ಮೇಡಂ. ಇದಕ್ಕೆ ರಿವರ್ಬ್ ಅಂತಾರೆ." ಮಹಾಂತೇಶ ಮೈಕಿನಲ್ಲಿ ತನ್ನದೇ ಹೆಸರು ಹೇಳಿ, ಒಂದು ಗುಂಡಿ ತಿರುಗಿಸಿದ. ಕಿವಿಯ ಪಕ್ಕದಲ್ಲಿದ್ದ ದನಿ ಹಿಂದೆ ಸರಿದು, ಗುಡಿಯೊಳಗಿಂದ ಬಂದಂತಾಯಿತು. "ಕಮ್ಮಿ ಹಾಕಿದ್ರೆ ಹತ್ರ, ಜಾಸ್ತಿ ಹಾಕಿದ್ರೆ ದೂರ."

ಶಶಿರೇಖಾ ಹೆಡ್‌ಫೋನ್ ಹಾಕಿಕೊಂಡು ಹಾಡನ್ನು ಮತ್ತೆ ಮತ್ತೆ ಕೇಳಿದರು. ಐದನೇ ಸಲ ಕೈ ಎತ್ತಿದರು. ಒಂದು ಸಾಲು ಮುಗಿದು ಇನ್ನೊಂದು ಶುರುವಾಗುವ ಬಿಡುವಿನಲ್ಲಿ ಸಣ್ಣಗೆ ಟಕ್ ಟಕ್ ಎನ್ನುತ್ತಿತ್ತು.

"ಅದು ಪಕ್ಕದ್ಮನೆ ಮಗ್ಗ," ಎಂದಳು ಲಕ್ಷ್ಮೀದೇವಿ. "ನಿಲ್ಸಿ ಅಂದ್ರೂ ನಿಲ್ಸಿರಲಿಲ್ಲ."

"ಇಲ್ಲಿ ಈ ಕೆಲಸ ಯಾರು ಮಾಡ್ತಿದ್ರು?"

"ಸಿದ್ದಾಪುರದ ರವಿಕಿರಣ್," ಮಹಾಂತೇಶ ತಡೆದು ಹೇಳಿದ. "ಹತ್ತು ದಿನ ಆಯ್ತು, ಜಗಳ ಮಾಡಿಕೊಂಡು ಕೆಲಸ ಬಿಟ್ಟ. ಈಯಮ್ಮ ರಿವರ್ಬೆಲ್ಲ ತೆಗೀರಿ ಅಂದಿದ್ದಕ್ಕೆ."

"ಅವ್ವ ದೂರ ಹೋದಂಗೆ ಕೇಳ್ತಿತ್ತು," ಎಂದಳು ಲಕ್ಷ್ಮೀದೇವಿ. "ನನಗೆ ಪಕ್ಕದಾಗೆ ಕುಂತು ಹಾಡಿದಂಗೆ ಬೇಕಿತ್ತು."

ಮಧ್ಯಾಹ್ನ ಮೂರೂ ಇಪ್ಪತ್ತಕ್ಕೆ ಜೀಪು ಸಿದ್ದಾಪುರ ತಲುಪಿತು. ಇಪ್ಪತ್ತೇಳು ವರ್ಷದ ರವಿಕಿರಣ್ ಜಗುಲಿಯ ಮೇಲೆ ಕೂತಿದ್ದ.

"ಆ ಹಾಡು ಎಲ್ಲಿ ರೆಕಾರ್ಡ್ ಮಾಡಿದೆ?"

"ಬೆಟ್ಟದ ಮ್ಯಾಲೆ. ಯಾರೋ ಅಜ್ಜಿ ಬಂದಿತ್ತು."

"ಬೆಟ್ಟದ ಮೇಲೆ ಮಗ್ಗ ಯಾರದಿತ್ತು?"

ರವಿಕಿರಣ್ ಎದ್ದು ಒಳಗೆ ಹೋಗಲು ನೋಡಿದಾಗ ಗಾದ್ರಪ್ಪ ಬಾಗಿಲಿಗೆ ಅಡ್ಡ ನಿಂತ. ಪಂಚರ ಎದುರು ಟ್ರಂಕಿನಿಂದ ಡಿಸ್ಕ್ ಹೊರಬಂತು. ಹನ್ನೊಂದು ಹಾಡೂ ಹಾಗೇ ಇದ್ದವು. ಸಂಜೆ ನಾಲ್ಕು ನಲವತ್ತಕ್ಕೆ ಅವನನ್ನು ಬಂಧಿಸಲಾಯಿತು.

ಠಾಣೆಯಲ್ಲಿ ಅವನು ಏನನ್ನೂ ಮುಚ್ಚಿಡಲಿಲ್ಲ. "ನಾಲ್ಕು ತಿಂಗಳು ಕುಂತು ಮಾಡಿದ್ದೆ ಮೇಡಂ. ಎರ್ರಮ್ಮ ಒಂದು ಅಂಕಣದ ಸಣ್ಣ ಮನೆಯಾಗೆ, ಮಗ್ಗದ ಗುಂಡಿಯಾಗೆ ಕಾಲಿಳಿಬಿಟ್ಟು ಕುಂತೇ ಜೀವ ಸವೆಸಿದ್ಲು. ಹಾಡಿಗಾದ್ರೂ ಬೆಟ್ಟದಷ್ಟು ಜಾಗ ಸಿಗಲಿ ಅನ್ನಿಸ್ತು. ಮಗಳು ಬಂದು ಆ ಬೆಟ್ಟಾನ ಅಳಿಸು ಅಂದ್ರು. ಕೈ ಬರಲಿಲ್ಲ."

ಶಶಿರೇಖಾ ಬರೆಯುವುದನ್ನು ನಿಲ್ಲಿಸಿದರು. "ಹಂಗಾದ್ರೆ ಅವರ ಹೆಸರು ಯಾಕೆ ಹಾಕಲಿಲ್ಲ?"

"ಸಿಕ್ಕಿಬೀಳ್ತೀನಿ ಅಂತ," ಎಂದ.

ಅವರು ಅದನ್ನೂ ಬರೆದುಕೊಂಡು, ಸಹಿಗೆಂದು ಹಾಳೆಯನ್ನು ಅವನತ್ತ ಸರಿಸಿದರು.