ಅಳಿಸಿದ ಪಟ

ಅನ್ನಕ್ಕುಟ್ಟಿ ಅಮ್ಮಚ್ಚಿ ತಮ್ಮ ಸುಟ್ಟ ಬಾಗಿಲ ಮುಂದೆ ಬೂದಿ ಗುಡಿಸುತ್ತಿದ್ದರು. ಗುಡಿಸಿದ್ದನ್ನು ಮೊರಕ್ಕೆ ತುಂಬಿ ತೆಂಗಿನ ಬುಡಕ್ಕೆ ಸುರಿದರು. ಮತ್ತೆ ಗುಡಿಸಿದರು. ಸುತ್ತ ಜನ ನೆರೆದಿದ್ದರು.

"ಅಮ್ಮಚ್ಚಿ, ಪೊರಕೆ ಕೆಳಗಿಡಿ. ಆ ಬೂದಿ ಸಾಕ್ಷಿ," ಎಂದರು ಆಗತಾನೆ ಬಂದ ಪೊಲೀಸ್ ಎಸ್.ಐ. ಬಿಂದುಜಾ.

"ಸಾಕ್ಷಿ ಅಂತ ಬಿಟ್ರೆ ಕಾಲೆಲ್ಲಿಡೋದು ಮಗಳೇ?"

"ಬೆಂಕಿ ಹಚ್ಚಿದವನು ಏನಾದ್ರೂ ಅಂದ್ನಾ?"

"'ಷೈನೀ, ಹೊರಗೆ ಬಾ' ಅಂತ ಕೂಗಿದ. ಈ ಮುದುಕೀನ ಷೈನಿ ಅಂದ್ಕೊಂಡ್ನಲ್ಲ, ಖುಷಿಯಾಯ್ತು."

ಷೈನಿ ಇದ್ದದ್ದು ತೋಡಿನ ಆಚೆ ದಡದಲ್ಲಿ. ಹೊಡೆಯುವ ಗಂಡ ರೆಜಿಯನ್ನು ಬಿಟ್ಟು, ಇಡುಕ್ಕಿಯಿಂದ ಈ ವೈಪಿನ್ ದ್ವೀಪಕ್ಕೆ ಮಗಳೊಂದಿಗೆ ಬಂದು ಅಡಗಿದ್ದಳು. ಈಗ ಬ್ಯಾಗು ತುಂಬಿಕೊಂಡು ಇಲ್ಲೇ ನಿಂತಿದ್ದಳು.

"ನಾನಿಲ್ಲಿರೋದು ನಮ್ಮ ಚೇಚಿಗೆ ಮಾತ್ರ ಗೊತ್ತು ಮೇಡಂ. ಒಡಹುಟ್ಟಿದ ಅಕ್ಕಾನೇ ಹೇಳಿಬಿಟ್ಟಳು. ಇನ್ನು ಎಲ್ಲಿಗೆ ಹೋಗಲಿ?"

"ಚೇಚಿ ನಿನ್ನ ಮನೆಗೆ ಬಂದಿದ್ದಳಾ?"

"ಎಷ್ಟೋ ಸಲ."

"ಅವಳು ಹೇಳಿದ್ದರೆ ರೆಜಿ ನಿನ್ನ ಬಾಗಿಲಿಗೇ ಬರ್ತಿದ್ದ. ಅವನು ಬಂದಿದ್ದು ಈ ದಡಕ್ಕೆ. ನೀನು ಈ ದಡದಲ್ಲಿದ್ದೀಯ ಅಂತ ಅವನಿಗೆ ತೋರಿಸಿದವರು ಯಾರು?"

ಷೈನಿ ಬ್ಯಾಗು ಕೆಳಗಿಟ್ಟಳು.

"ಒಂದು ಸಲ ಮರಗೆಣಸಿನ ಕಪ್ಪ, ಮೀನು ಸಾರು ಮಾಡಿ ಜಾಲತಾಣದಲ್ಲಿ ಪಟ ಹಾಕಿದ್ದೆ. ಅಡುಗೆ ಪಟ ಹಾಕೋದು ನನ್ನ ಹಳೇ ಚಟ. ಫೋನ್ ಹಾಕಿದ ಜಾಗದ ಗುರುತು ತಪ್ಪಿ ನಕ್ಷೆಯಲ್ಲಿ ಅಮ್ಮಚ್ಚಿ ಮನೆ ಮೇಲೆ ಕೂತಿತ್ತು. ಆಮೇಲೆ 'ನಾಟು ರುಚಿ' ಅನ್ನೋ ಆಪ್‌ನವರು, ನಿಮ್ಮ ಅಡುಗೆ ನಮ್ಮ ನಕ್ಷೆಯಲ್ಲಿದೆ ಅಂತ ಬರೆದ್ರು. ಭಯ ಆಯ್ತು. ಕೂಡಲೇ ಪಟ ಅಳಿಸಿಬಿಟ್ಟೆ."

* * *

ಕಾಕ್ಕನಾಡಿನ 'ನಾಟು ರುಚಿ' ಕಚೇರಿಯಲ್ಲಿ ಇಬ್ಬರೇ ಇದ್ದರು. ಮಾಲೀಕ ಸಾಜು ಮತ್ತು ಆಪ್ ಬರೆದ ನಿಬಿನ್. ಜನ ಜಾಲತಾಣದಲ್ಲಿ ಹಾಕುವ ಅಡುಗೆಯ ಪಟಗಳನ್ನು ತೆಗೆದುಕೊಂಡು ನಕ್ಷೆಯ ಮೇಲೆ ತೋರಿಸುವುದು ಅವರ ಕೆಲಸ.

ವೈಪಿನ್‌ನಲ್ಲಿ ಒಬ್ಬ ಹೆಂಗಸಿಗೆ ಅಪಾಯವಾಗಿದೆ ಎಂದಷ್ಟೇ ಬಿಂದುಜಾ ಹೇಳಿದರು. ಆ ಪಟಕ್ಕೆ ಷೈನಿ ಇಟ್ಟಿದ್ದ ಹೆಸರು ಕೊಟ್ಟರು. ಆಪ್‌ನಲ್ಲಿ ಹುಡುಕಿದರೆ ಪಟ ಇರಲಿಲ್ಲ.

"ಅಳಿಸಿದೀವಿ ಮೇಡಂ," ಎಂದ ನಿಬಿನ್. "ಹಾಕಿದವರು ತೆಗೆದ್ರೆ ನಾವೂ ತೆಗೀಬೇಕು. ಜಾಲತಾಣದವರು ನಮಗೆ ಪಟ ಕೊಡೋದೇ ಆ ಕರಾರಿನ ಮೇಲೆ."

"ಅಳಿಸಿದ್ದನ್ನ ತೋರಿಸು."

ನಿಬಿನ್‌ನ ಕೈ ಕೀಲಿಮಣೆಯತ್ತ ಹೋಯಿತು. ಅಲ್ಲೇ ನಿಂತಿತು.

"ತೋರಿಸಕ್ಕಾಗುತ್ತೆ, ಅಲ್ವಾ?" ಎಂದರು ಬಿಂದುಜಾ.

"ನಾವು ಅಳಿಸೋದು ಅಂದ್ರೆ... ಅಳಿಸಿದೆ ಅಂತ ಗುರುತು ಹಾಕೋದು. ಜನಕ್ಕೆ ಕಾಣಲ್ಲ, ನಮ್ಮ ಹತ್ರ ಇರುತ್ತೆ. ನಮ್ಮ ಕೆಲಸದಲ್ಲಿ ಹಾಗೇ ಅನ್ನೋದು."

"ಹಳಸಿದ ಸಾರಿಗೆ ಮುಚ್ಚಳ ಮುಚ್ಚಿ ಚೆಲ್ಲಿದೀನಿ ಅಂದ ಹಾಗಾಯ್ತು."

ಸಾಜು ತಾನೇ ಕಾಫಿ ತಂದಿಟ್ಟ. ಮುಖ ಬಾಡಿತ್ತು. "ಏನು ಸಹಾಯ ಬೇಕಾದ್ರೂ ಕೇಳಿ ಮೇಡಂ. ಪಾಪ. ಮಗೂಗೆ ಏನೂ ಆಗಿಲ್ಲ ತಾನೇ?"

"ಯಾವ ಮಗು, ಸಾಜು?"

ಸಾಜು ಕಾಫಿ ಲೋಟವನ್ನು ಮೇಜಿನ ನಡುವಿಗೆ ಸರಿಸಿದ.

ಬಿಂದುಜಾ ಹೇಳಿದಂತೆ ನಿಬಿನ್ ಮುಚ್ಚಿಟ್ಟ ಪಟವನ್ನು ತೆರೆದ. ತಟ್ಟೆಯ ಅಂಚಿನಲ್ಲಿ ಪುಟ್ಟ ಕೈಯೊಂದು ಕಪ್ಪದ ಹೋಳಿಗೆ ಚಾಚಿತ್ತು.

"ನಾನು ಹೇಳಿದ್ದು ಒಬ್ಬ ಹೆಂಗಸು ಅಂತ," ಎಂದರು ಬಿಂದುಜಾ. "ರೆಜಿ ಹೋದದ್ದು ತಪ್ಪು ಬಾಗಿಲಿಗೆ. ಆ ತಪ್ಪು ಇರೋದು ಈ ಪಟದಲ್ಲಿ ಮಾತ್ರ. ಪಟ ಹೊರಗೆಲ್ಲೂ ಇಲ್ಲ. ನೀವು ಇದನ್ನ ನೋಡಿದೀರಿ. ಅವನಿಗೂ ಕೊಟ್ಟಿದೀರಿ."

ಸಾಜು ಕುರ್ಚಿ ಎಳೆದು ಕೂತ. "ಅವಳ ಹಳೇ ಪಟಗಳು ನಮ್ಮ ನಕ್ಷೆಯಲ್ಲಿದ್ವು. ಅದನ್ನ ನೋಡಿ ಅವನೇ ಫೋನ್ ಮಾಡಿದ. ಹೆಂಡತಿಗೆ ತಲೆ ಸರಿಯಿಲ್ಲ, ಮಗೂನ ಎತ್ಕೊಂಡು ಹೋಗಿದ್ದಾಳೆ, ಹೊಸ ಪಟ ಇದ್ರೆ ಕೊಡಿ ಅಂತ ಅತ್ತ. ಗಂಡಸು ಅಳ್ತಿದ್ದ ಮೇಡಂ. ನಂಗೂ ಒಬ್ಬಳು ಮಗಳಿದ್ದಾಳೆ. ಒಳ್ಳೇದು ಮಾಡ್ತಿದೀನಿ ಅಂದ್ಕೊಂಡೆ."

"ಅವಳು ಅಳಿಸಿದ್ದು ಯಾಕೆ ಅಂತ ಅನ್ನಿಸಲೇ ಇಲ್ವಾ?"

"ಮುನಿಸು ಇರಬೇಕು ಅಂದ್ಕೊಂಡೆ."

* * *

ಸಾಜು ಕೊಟ್ಟ ಫೋನ್ ನಂಬರ್ ಹಿಡಿದು ಹೋದ ಪೊಲೀಸರಿಗೆ ರೆಜಿ ತನ್ನ ಅಣ್ಣನ ಮನೆಯಲ್ಲಿ ಸಿಕ್ಕ. ಅಷ್ಟರಲ್ಲಿ ಪಟ ಅವನ ಅಣ್ಣತಮ್ಮಂದಿರ ಫೋನುಗಳಿಗೆಲ್ಲ ಹೋಗಿತ್ತು. ಅವರೆಲ್ಲ ಹೊರಗೆ ಓಡಾಡಿಕೊಂಡಿದ್ದರು. ಅವರ ಮೇಲೆ ಯಾವ ಕೇಸೂ ಇರಲಿಲ್ಲ.

ಠಾಣೆಯಲ್ಲಿ ಷೈನಿಯ ಅಕ್ಕ ಮಗುವನ್ನು ಮಡಿಲಲ್ಲಿ ಮಲಗಿಸಿಕೊಂಡಿದ್ದಳು.

"ನನ್ನನ್ನೇ ದ್ರೋಹಿ ಮಾಡಿದ್ಯಲ್ಲೇ."

"ತಪ್ಪಾಯ್ತು ಚೇಚಿ."

"ತಪ್ಪಂತೆ. ಮೊದಲು ಊಟ ಮಾಡು, ಹೋಗೇ."

ಷೈನಿ ಊಟ ಮಾಡಲಿಲ್ಲ. ಮೇಜಿನ ಆ ಕಡೆ ನಿಬಿನ್ ಪಟದ ಪ್ರತಿಯನ್ನು ಸಾಕ್ಷಿಯಾಗಿ ಒಪ್ಪಿಸುತ್ತಿದ್ದ. ಬಿಂದುಜಾ ಅದನ್ನು ಲಕೋಟೆಗೆ ಹಾಕಿ ಅರಗು ಕಾಯಿಸುತ್ತಿದ್ದರು. ಷೈನಿ ಎದ್ದು ಮೇಜಿನ ಹತ್ತಿರ ಬಂದಳು.

"ಈಗಲಾದ್ರೂ ಅದನ್ನ ಪೂರ್ತಿ ಅಳಿಸಿಬಿಡಿ," ಎಂದಳು.

ನಿಬಿನ್ ಬಿಂದುಜಾರ ಮುಖ ನೋಡಿದ. "ಇದು ಸಾಕ್ಷಿ, ಅಳಿಸೋ ಹಾಗಿಲ್ಲ," ಎಂದು ಬಿಂದುಜಾ ಲಕೋಟೆಯ ಮೇಲೆ ಮೊಹರು ಒತ್ತಿದರು.